ಕಾಪಿ ಆದ ಹಾಡಿಗಿಂತ ಹೆಸರು ಹೋದ ಹಾಡು ದುಬಾರಿ

ಕಲಬುರಗಿಯಲ್ಲಿ ಚಿಕ್ಕದೊಂದು ರೆಕಾರ್ಡಿಂಗ್ ಸ್ಟುಡಿಯೋ ನಡೆಸುತ್ತೇನೆ. ಒಂದು ಹಾಡುವ ಕೋಣೆ, ಒಂದು ಕಂಪ್ಯೂಟರ್ ಕೋಣೆ, ನಡುವೆ ಗಾಜು, ಅಷ್ಟೇ. ಸಿನಿಮಾದವರು ಈ ಕಡೆ ಬರುವುದಿಲ್ಲ. ಬರುವವರು ತತ್ವಪದ ಹಾಡುವವರು, ಭಜನಾ ಮಂಡಳಿಯವರು, ಡೊಳ್ಳಿನ ಪದದ ಮೇಳದವರು, ಮೊಹರಂ ಪದ ಕಟ್ಟುವವರು. ಶರಣಬಸವೇಶ್ವರ ಜಾತ್ರೆ ಹತ್ತಿರ ಬಂತೆಂದರೆ ಹೊಸ ಹಾಡು ಬರೆದುಕೊಂಡು ಬರುವ ಹುಡುಗರ ಸಾಲು. ಚುನಾವಣೆ ಬಂದರೆ ಪ್ರಚಾರದ ಹಾಡು. ನಿಜ ಹೇಳಬೇಕೆಂದರೆ ಎಷ್ಟೋ ತಿಂಗಳು ಅಂಗಡಿ ಬಾಡಿಗೆ ಕಟ್ಟಿರುವುದು ಆ ಪ್ರಚಾರದ ಹಾಡಿನ ದುಡ್ಡಿನಿಂದಲೇ.

ಈ ಕೆಲಸದಲ್ಲಿ ಪೈರಸಿ ಮಾತು ಬರದ ವಾರ ಇಲ್ಲ. "ಅಣ್ಣಾ, ನಮ್ ಹಾಡ ಯಾರೋ ತಮ್ ಚಾನಲ್‌ದಾಗ ಹಾಕ್ಯಾರ್ರಿ" ಅಂತ ಒಂದಾದರೂ ಫೋನ್ ಬರುತ್ತದೆ. ಪತ್ರಿಕೆಯಲ್ಲಿ ಈ ವಿಷಯ ಬಂದಾಗ ದೊಡ್ಡ ಕಂಪನಿಗಳ ಕೋಟಿ ಲೆಕ್ಕ ಇರುತ್ತದೆ. ನಮ್ಮಂಥ ಊರಲ್ಲಿ ಲೆಕ್ಕ ಬೇರೆ ಥರ. ಹಾಡು ಕಾಪಿ ಆಗುವುದರಿಂದ ನಷ್ಟ ಇದೆ, ಇಲ್ಲ ಅನ್ನಲ್ಲ. ಆದರೆ ಹಾಡಿನ ಮೇಲಿದ್ದ ಹೆಸರು ಅಳಿಸಿ ಹೋದಾಗ ಆಗುವ ನಷ್ಟ ಅದಕ್ಕಿಂತ ಎಷ್ಟೋ ದೊಡ್ಡದು. ಇಷ್ಟು ವರ್ಷ ಗಾಜಿನ ಈ ಕಡೆ ಕೂತು ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇದು.

ಮೊದಲು ದುಡ್ಡಿನ ಮಾತು ಮುಗಿಸೋಣ.

ಒಂದು ಭಜನಾ ಪದ ನೆಟ್ಟಗೆ ರೆಕಾರ್ಡ್ ಆಗಬೇಕಾದರೆ ಯಾರ್ಯಾರಿಗೆ ಕೈಬಿಚ್ಚಬೇಕು ನೋಡಿ. ತಬಲಾದವರು, ಹಾರ್ಮೋನಿಯಂನವರು, ಕೀಬೋರ್ಡ್‌ನವರು, ಹಿಂದೆ ದನಿಗೂಡಿಸುವವರು. ಸ್ಟುಡಿಯೋ ಬಾಡಿಗೆ ಗಂಟೆ ಲೆಕ್ಕ. ಮಿಕ್ಸಿಂಗ್ ಬೇರೆ. ಈಗ ವಿಡಿಯೋ ಇಲ್ಲದೆ ಯಾರೂ ಹಾಡು ಕೇಳುವುದಿಲ್ಲ, ಹಾಗಾಗಿ ಕ್ಯಾಮೆರಾದವನು, ಎಡಿಟಿಂಗ್‌ನವನು. ಸುಮ್ನೆ ಲೆಕ್ಕಕ್ಕೆ ಒಂದು ಹಾಡಿಗೆ 20,000 ರೂಪಾಯಿ ಅಂತ ಇಟ್ಟುಕೊಳ್ಳಿ. ಇದನ್ನು ಯಾವ ಕಂಪನಿಯೂ ಕೊಡುವುದಿಲ್ಲ. ತೊಗರಿ ಮಾರಿದ ದುಡ್ಡು, ಸಂಘದ ಸಾಲ, ಊರ ಗೌಡರು ಕೊಟ್ಟ ಒಂದಿಷ್ಟು, ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಹೋದ ತಮ್ಮ ಕಳಿಸಿದ್ದು. ಹೀಗೆ ಕೂಡಿಸಿ ತರುತ್ತಾರೆ.

ಆ ದುಡ್ಡು ವಾಪಸ್ ಹೇಗೆ ಬರಬೇಕು? ಯೂಟ್ಯೂಬ್ ಆದರೆ ಮಾಮೂಲಿ ಉದ್ದನೆಯ ವಿಡಿಯೋಗಳ ಜಾಹೀರಾತು ಆದಾಯದಲ್ಲಿ 55% ಚಾನಲ್ ಇಟ್ಟವರಿಗೆ ಸಿಗುತ್ತದೆ. ಚಾನಲ್ ಇಟ್ಟವರಿಗೆ, ಹಾಡಿದವರಿಗಲ್ಲ. ಇದನ್ನು ನೆನಪಲ್ಲಿಡಿ. ಯಾರೋ ಅದೇ ಹಾಡನ್ನು ಇಳಿಸಿಕೊಂಡು, ಬೇರೆ ಫೋಟೋ ಅಂಟಿಸಿ, ತಮ್ಮ ದೊಡ್ಡ ಚಾನಲ್‌ನಲ್ಲಿ ಹಾಕಿದರೆ ಜನ ಅಲ್ಲಿ ನೋಡುತ್ತಾರೆ, ದುಡ್ಡೂ ಅಲ್ಲಿಗೇ ಹೋಗುತ್ತದೆ. ಸಾಲ ಮಾತ್ರ ಇಲ್ಲೇ ಉಳಿಯುತ್ತದೆ.

ಹಾಗಂತ ಕಾಪಿ ಆದ ಪ್ರತಿಯೊಂದೂ ಕೈತಪ್ಪಿದ ಮಾರಾಟ ಅನ್ನುವ ಲೆಕ್ಕವನ್ನು ನಾನು ನಂಬುವುದಿಲ್ಲ. ಟಂಟಂ ಓಡಿಸುವವನ ಪೆನ್‌ಡ್ರೈವ್‌ನಲ್ಲಿ 500 ಹಾಡು ಇರುತ್ತವೆ. ಪುಕ್ಕಟೆ ಸಿಗದಿದ್ದರೆ ಅವನು 500ನ್ನೂ ಕೊಳ್ಳುತ್ತಿದ್ದನಾ? ಬಹಳ ಆದರೆ ಹತ್ತು ಕೊಳ್ಳುತ್ತಿದ್ದ. 2007ರಲ್ಲಿ ಓಬರ್‌ಹೋಲ್ಜರ್-ಗೀ ಮತ್ತು ಸ್ಟ್ರಂಪ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ಆಲ್ಬಂ ಮಾರಾಟ ನೋಡಿ, ಇಂಟರ್ನೆಟ್‌ನಲ್ಲಿ ಹಾಡು ಹಂಚಿಕೊಳ್ಳುವುದರಿಂದ ಬಿದ್ದ ಪೆಟ್ಟು ಹೆಚ್ಚುಕಡಿಮೆ ಸೊನ್ನೆ ಎಂದು ಬರೆದರು. ಬೇರೆಯವರು ಅದನ್ನು ಒಪ್ಪದೆ ದೊಡ್ಡ ಜಗಳವೇ ಆಯಿತು. ನನಗೆ ಎರಡು ಕಡೆಯವರೂ ಅರ್ಧ ಸರಿ ಅನ್ನಿಸುತ್ತದೆ. 490 ಹಾಡಿನ ವಿಷಯದಲ್ಲಿ ನಷ್ಟ ಇಲ್ಲ. ಆದರೆ ಆ ಹತ್ತರ ದುಡ್ಡು ಇತ್ತಲ್ಲ, ಮುಂದಿನ ಹಾಡು ಹುಟ್ಟಬೇಕಾದದ್ದು ಅದರಿಂದ. ಬಿತ್ತನೆಗೆ ತೆಗೆದಿಟ್ಟ ತೊಗರಿಯನ್ನು ಬೇಳೆ ಒಡೆಸಿ ತಿಂದರೆ ಈ ವರ್ಷದ ಊಟದಲ್ಲಿ ಏನೂ ಗೊತ್ತಾಗುವುದಿಲ್ಲ.

ನಷ್ಟ ಎಲ್ಲಿ ಕಾಣುತ್ತದೆ ಅಂತ ಕೇಳಿದರೆ ನಾನು ಹಾಡುವ ಕೋಣೆ ತೋರಿಸುತ್ತೇನೆ. ಒಬ್ಬರು ಮೊದಲ ಹಾಡಿಗೆ ಬರುವಾಗ ಇಡೀ ಮೇಳ ಕರೆತರುತ್ತಾರೆ. ತಬಲಾ, ದಮ್ಮಡಿ, ತಾಳ, ಏಕತಾರಿ, ಚಹಾ ಸಾಲದಷ್ಟು ಜನ. ಆ ಹಾಡಿನ ದುಡ್ಡು ವಾಪಸ್ ಬರಲಿಲ್ಲ ಅಂತ ಇಟ್ಟುಕೊಳ್ಳಿ. ಎರಡನೇ ಹಾಡಿಗೆ ಬರುವಾಗ, "ತಬಲಾ ಬ್ಯಾಡ್ರಿ, ಕಂಪ್ಯೂಟರ್‌ದಾಗ ಲೂಪ್ ಹಾಕ್ರಿ" ಅನ್ನುತ್ತಾರೆ. ಮೂರನೆಯದಕ್ಕೆ ಹಾರ್ಮೋನಿಯಂನವರೂ ಇಲ್ಲ, ಮೊಬೈಲಿನಲ್ಲಿ ಒಂದು ಕರೋಕೆ ಟ್ರ್ಯಾಕ್ ಇರುತ್ತದೆ. ಆಮೇಲೆ ಬರುವುದೇ ಇಲ್ಲ. ಹಾಡುವವರು ಹೇಗೋ ಜಾತ್ರೆ, ಶ್ರಾವಣದ ಭಜನೆ ಅಂತ ನಾಲ್ಕು ಕಾಸು ದುಡಿಯುತ್ತಾರೆ. ಮೊದಲು ಕೂಲಿ ಕಳೆದುಕೊಳ್ಳುವುದು ಹಿಂದೆ ಕೂತು ಬಾರಿಸುವವರು. ಪೈರಸಿ ಬಗ್ಗೆ ಭಾಷಣ ಮಾಡುವವರ ಬಾಯಲ್ಲಿ ಇವರ ಸುದ್ದಿ ನಾನು ಕೇಳಿಲ್ಲ.

ಕಾಪಿ ಹೊಡೆಯುವುದು ಹೊಸದೇನಲ್ಲ. ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂದದ್ದು 1963ರಲ್ಲಿ. ನಮ್ಮ ದೇಶದಲ್ಲಿ ಅದು ಮನೆಮನೆಗೆ ಬಂದದ್ದು ಎಂಬತ್ತರ ದಶಕದಲ್ಲಿ. ಅದಕ್ಕೂ ಮುಂಚೆ ತಟ್ಟೆ ರೆಕಾರ್ಡುಗಳ ವ್ಯಾಪಾರ ಬಹುಪಾಲು ಒಂದೇ ದೊಡ್ಡ ಕಂಪನಿಯ ಕೈಯಲ್ಲಿತ್ತು, ನಮ್ಮ ಕಡೆಯ ಭಜನೆಯವರನ್ನು ಕೇಳುವವರೇ ಇರಲಿಲ್ಲ. ಕ್ಯಾಸೆಟ್ ಬಂದ ಮೇಲೆ ಜಿಲ್ಲಾ ಕೇಂದ್ರದಲ್ಲಿ ಅಂಗಡಿ ಇಟ್ಟವರೂ ಹಾಡು ಹೊರತರುವ ಹಾಗಾಯಿತು. ಅದರ ಹಿಂದೆಯೇ ಡುಪ್ಲಿಕೇಟ್ ಕ್ಯಾಸೆಟ್ಟೂ ಬಂತು. ಅಂದರೆ ನಮ್ಮ ಹಾಡುಗಾರರನ್ನು ಬೆಳೆಸಿದ್ದೂ, ದೋಚಿದ್ದೂ ಒಂದೇ ಯಂತ್ರ.

ಆ ಕಾಲದವರಿಗೆ ನೆನಪಿರುತ್ತದೆ. ಅಸಲಿ ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎರಡು ಪುಟ್ಟ ಕಿಂಡಿ ಇರುತ್ತಿದ್ದವು. ಅಲ್ಲಿನ ಪ್ಲಾಸ್ಟಿಕ್ ಚೂರು ಮುರಿದುಬಿಟ್ಟರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಜನ ಏನು ಕಡಿಮೆಯಾ, ಆ ಕಿಂಡಿಗೆ ಸೆಲೋಟೇಪ್ ಅಂಟಿಸಿ ಮೇಲೆ ತಮಗೆ ಬೇಕಾದದ್ದು ತುಂಬಿಸುತ್ತಿದ್ದರು. ಡಬಲ್ ಡೆಕ್‌ನಲ್ಲಿ ಅವಸರದ ವೇಗದಲ್ಲಿ ಕಾಪಿ ಮಾಡಿದರೆ ತಾಳದ ಕಿಣಿಕಿಣಿ ಮಂಕಾಗಿ, ಬರೀ ತಬಲಾದ ಡಗ್ಗದ ಸದ್ದು ಉಳಿಯುತ್ತಿತ್ತು. ಕಾಪಿಯ ಕಾಪಿಯಲ್ಲಿ ಸುಯ್ಯೆನ್ನುವ ಸದ್ದೇ ಜಾಸ್ತಿ. ಹೀಗಾಗಿ ಕಾಪಿಗೆ ತಾನಾಗೇ ಒಂದು ಮಿತಿ ಇತ್ತು. ಹಾಡು ಬಹಳ ಇಷ್ಟವಾದವನು ಕೊನೆಗೆ ಅಸಲಿಯನ್ನೇ ಹುಡುಕಿ ಕೊಳ್ಳುತ್ತಿದ್ದ.

ಆ ಮಿತಿ ಮುರಿದದ್ದು ಎಂಪಿ3. ಆಮೇಲೆ ಮೆಮೊರಿ ಕಾರ್ಡ್. ಬಸ್ ಸ್ಟ್ಯಾಂಡ್ ಎದುರಿನ ಮೊಬೈಲ್ ಅಂಗಡಿಗಳಲ್ಲಿ "ಹಾಡು ತುಂಬಿಸಿ ಕೊಡಲಾಗುವುದು" ಅಂತ ಬೋರ್ಡೇ ಇರುತ್ತಿತ್ತು. 128 ಕೆಬಿಪಿಎಸ್ ಗುಣಮಟ್ಟದಲ್ಲಿ ನಾಲ್ಕು ನಿಮಿಷದ ಹಾಡು ಸುಮಾರು 4 ಎಂಬಿ. 2 ಜಿಬಿ ಕಾರ್ಡಿಗೆ 500 ಹಾಡು. ಇನ್ನೂ ತುರುಕಬೇಕೆಂದರೆ 64ಕ್ಕೆ ಇಳಿಸಿ 1,000 ಮಾಡಿಕೊಡುತ್ತಿದ್ದರು. ಆಗ ತಾಳದ ಸದ್ದು ನೀರಲ್ಲಿ ಅದ್ದಿ ತೆಗೆದ ಹಾಗೆ ಕೇಳುತ್ತದೆ. ಹಾಡಿನ ಫೈಲಿಗೆ ಹೆಸರು ಇರುವುದಿಲ್ಲ, "ಟ್ರ್ಯಾಕ್ 07" ಅಂತ ಇರುತ್ತದೆ. ನನ್ನ ಪ್ರಕಾರ ನಿಜವಾದ ಪೆಟ್ಟು ಬಿದ್ದದ್ದು ಇಲ್ಲಿ. ಡುಪ್ಲಿಕೇಟ್ ಕ್ಯಾಸೆಟ್ಟಿನ ಮೇಲಾದರೂ ಮಸುಕು ಬಣ್ಣದ ಚೀಟಿಯಲ್ಲಿ ಹಾಡಿದವರ ಫೋಟೋ, ಹೆಸರು, ಊರು ಇರುತ್ತಿತ್ತು. ಅದನ್ನು ನೋಡಿ, "ಈ ಸಲ ಜಾತ್ರಿಗಿ ಇವರನ್ನೇ ಕರಸೋಣ" ಅನ್ನುತ್ತಿದ್ದರು. ಕಾರ್ಡಿಗೆ ಹೋದ ಮೇಲೆ ಹಾಡು ಉಳಿಯಿತು, ಊರು ಹೋಯಿತು.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ಡೇಟಾ ಅಗ್ಗವಾದ ಮೇಲೆ ಹಾಡು ತುಂಬಿಸುವ ಅಂಗಡಿಗಳು ಒಂದೊಂದಾಗಿ ಸ್ಕ್ರೀನ್ ಗಾರ್ಡ್ ಮಾರಲು ಶುರು ಮಾಡಿದವು. ಜಗತ್ತಿನ ಲೆಕ್ಕವೂ ಹೀಗೇ ಇದೆ. ರೆಕಾರ್ಡ್ ಕಂಪನಿಗಳ ಜಾಗತಿಕ ಸಂಘ ಐಎಫ್‌ಪಿಐ ಕೊಡುವ ಅಂಕಿ ನೋಡಿದರೆ, 1999ರ ನಂತರ ಇಳಿಯುತ್ತಾ ಹೋದ ಆದಾಯ 2014ರ ಹೊತ್ತಿಗೆ ತಳ ಮುಟ್ಟಿ, ಆಮೇಲೆ ಏರುತ್ತಾ 2023ರಲ್ಲಿ 28.6 ಬಿಲಿಯನ್ ಡಾಲರ್ ಆಯಿತು. ಅದರಲ್ಲಿ ಮೂರರಲ್ಲಿ ಎರಡು ಪಾಲು ಸ್ಟ್ರೀಮಿಂಗ್‌ನದು. ಸಲೀಸಾಗಿ, ಕಡಿಮೆ ದುಡ್ಡಿಗೆ ಸಿಕ್ಕರೆ ಜನ ಕದಿಯಲು ತಲೆಕೆಡಿಸಿಕೊಳ್ಳುವುದಿಲ್ಲ. ಎಂಬತ್ತರ ದಶಕದಲ್ಲಿ ಅಸಲಿ ಕ್ಯಾಸೆಟ್ಟಿನ ಬೆಲೆ ಇಳಿದಾಗಲೂ ಹೀಗೇ ಆಗಿತ್ತು.

ಕಾನೂನು ಇಲ್ಲದೆ ಏನಿಲ್ಲ. 1957ರ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ನಾವು ಗೂಂಡಾ ಕಾಯ್ದೆ ಅಂತ ಕರೆಯುವ ಕರ್ನಾಟಕದ 1985ರ ಕಾನೂನಿನ ಉದ್ದನೆಯ ಹೆಸರಿನಲ್ಲೇ ಕಳ್ಳಬಟ್ಟಿಯವರು, ಜೂಜುಕೋರರ ಸಾಲಿನಲ್ಲಿ ವಿಡಿಯೋ, ಆಡಿಯೋ ಪೈರೇಟ್‌ಗಳೂ ಇದ್ದಾರೆ. ಅಷ್ಟು ಗಟ್ಟಿ ಕಾನೂನು. ಆದರೆ ನಮ್ಮ ಹಾಡುಗಾರರೊಬ್ಬರು ದೂರು ಕೊಡಲು ಹೋದರೆ ಮೊದಲ ಪ್ರಶ್ನೆ, "ಹಾಡ ನಿಮ್ದೇ ಅನ್ನೋದಕ್ಕ ಏನದ?" ಅಲ್ಲಿಗೆ ಮಾತು ನಿಲ್ಲುತ್ತದೆ. ಕೇಳಿದವರದು ತಪ್ಪಲ್ಲ. ತೋರಿಸಲು ನಿಜವಾಗ್ಲೂ ಏನೂ ಇರುವುದಿಲ್ಲ.

ಈಗ ಹೆಸರಿನ ವಿಷಯಕ್ಕೆ ಬರ್ತೀನಿ.

ಜೇವರ್ಗಿ ಕಡೆಯ ಒಬ್ಬ ಮುತ್ಯಾ ಇದ್ದಾರೆ. ಹಳೇ ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳನ್ನು ಅವರು ಹಾಡುವುದನ್ನು ಕೇಳಬೇಕು. ಮೈಕ್ ಮುಂದೆ ಕೂತರೆ ಹೆಡ್‌ಫೋನ್ ಹಾಕಿಕೊಳ್ಳಲು ಒಪ್ಪುವುದಿಲ್ಲ. "ನನ್ ದನಿ ನನಗ್ಯಾಕ ಕೇಳಿಸ್ತೀ?" ಅನ್ನುತ್ತಾರೆ. ಅವರ ಹಾಡೊಂದನ್ನು ಯಾರೋ ತಮ್ಮ ಚಾನಲ್‌ಗೆ ಏರಿಸಿದ್ದರು. ಅವರ ದನಿಗೆ ಬೇರೆ ಯಾರದೋ ಫೋಟೋ, ಬೇರೆ ಯಾರದೋ ಹೆಸರು. ಕೆಳಗೆ ನೂರಾರು ಕಾಮೆಂಟು, ಎಲ್ಲ ಆ ಬೇರೆಯವನನ್ನು ಹೊಗಳಿ. ಮುತ್ಯಾನ ಮೊಮ್ಮಗ ಸ್ಟುಡಿಯೋಕ್ಕೆ ಬಂದು ಮೊಬೈಲ್ ತೋರಿಸಿದ. ನನಗೆ ಸಿಟ್ಟು ಬಂತು. ಮುತ್ಯಾ ಪೂರ್ತಿ ಹಾಡು ಕೇಳಿಸಿಕೊಂಡು ಹೇಳಿದ್ದು ಇಷ್ಟು: "ಪದ ಒಯ್ಲಿ ಬಿಡೋ ತಮ್ಮಾ, ಅದೇನ್ ನಾ ಬರ್ದಿದ್ದಲ್ಲ. ಆದರ ಅಫಜಲಪುರದಾಗ ಭಜನಿ ಇಟ್ಟಾಗ ಅವನಿಗಿ ಕರದ್ರಂತ, ನನಗ ಕರೀಲಿಲ್ಲ."

ಇದರಲ್ಲಿ ಎಲ್ಲಾ ಲೆಕ್ಕ ಇದೆ. ಯೂಟ್ಯೂಬ್‌ನಿಂದ ಅವರಿಗೆ ಬರಬೇಕಾಗಿದ್ದದ್ದು ತಿಂಗಳಿಗೆ ನಾಲ್ಕು ಕಾಸು ಇರಬಹುದು. ಒಂದು ರಾತ್ರಿಯ ಭಜನೆಗೆ ಸಿಗುವ ಸಂಭಾವನೆ, ಶಾಲು, ಹೋಗಿ ಬರುವ ಖರ್ಚು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ನಮ್ಮ ಕಡೆ ಹಾಡುವವರ ಅಸಲು ಸಂಪಾದನೆ ವೇದಿಕೆಯದ್ದು. ಹೆಸರಿನ ಸಮೇತ ಕಾಪಿ ಆದರೆ ಯಾದಗಿರಿಯ ಮೈಲಾಪುರ ಜಾತ್ರೆಯಿಂದಲೋ, ಬಸವಕಲ್ಯಾಣದ ಕಡೆಯಿಂದಲೋ ಒಂದು ಕರೆ ಬರಬಹುದು. ಹೆಸರಿಲ್ಲದೆ ಕಾಪಿ ಆದರೆ ಆ ಕರೆ ಇನ್ನೊಬ್ಬನಿಗೆ ಹೋಗುತ್ತದೆ. ಮುಂಬೈ ಬಾಂದ್ರಾದ ಯಾವುದೋ ಕಂಪನಿಗೆ ಇದು ಅರ್ಥ ಆಗುವುದು ಕಷ್ಟ, ಅವರ ಹಾಡು ಯಾರದು ಅಂತ ಎಲ್ಲರಿಗೂ ಗೊತ್ತಿರುತ್ತದೆ.

ಹಳಬರಿಗೆ ಇದು ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ. ವಚನಕಾರರು ಅಂಕಿತ ಇಟ್ಟರು, ತತ್ವಪದದವರೂ ಇಟ್ಟರು. ಶಿಶುನಾಳಧೀಶ ಅಂತ ಬಂದರೆ ಆ ಪದ ಶರೀಫರದು ಅಂತ ಅಕ್ಷರ ಬಾರದವರೂ ಹೇಳುತ್ತಾರೆ. ಯಾರು ಎಷ್ಟು ಸಲ ಹಾಡಿದರೂ ಬರೆದವರ ಗುರುತು ಕೊನೆಯ ನುಡಿಯಲ್ಲಿ ಜತೆಗೇ ಹೋಗುತ್ತದೆ. ಡೊಳ್ಳಿನ ಪದ ಕಟ್ಟುವವರು ಇವತ್ತಿಗೂ ಕೊನೆಗೆ ತಮ್ಮ ಊರು, ಗುರುಗಳ ಹೆಸರು ಸೇರಿಸುತ್ತಾರೆ. ಆದರೆ ರೀಲ್ಸ್ ಮಾಡುವವರಿಗೆ ಬೇಕಾಗಿರುವುದು ಪಲ್ಲವಿಯ 30 ಸೆಕೆಂಡು. ಅಂಕಿತದ ನುಡಿ ಬರುವುದು ಆರನೇ ನಿಮಿಷಕ್ಕೆ. ಅಲ್ಲಿಯತನಕ ಯಾರು ಕಾಯ್ತಾರೆ?

ಆಕಾಶವಾಣಿ ಕಲಬುರಗಿ ಕೇಳಿ ಬೆಳೆದವರಿಗೆ ಇನ್ನೊಂದು ನೆನಪಿರುತ್ತದೆ. ಹಾಡು ಶುರುವಾಗುವ ಮುಂಚೆ ಹಾಡುವವರ ಹೆಸರು, ಊರು. ಮುಗಿದ ಮೇಲೆ ತಬಲಾ ಸಾಥ್ ಯಾರು, ಹಾರ್ಮೋನಿಯಂ ಯಾರು. ಹಾಡಿದವರಿಗೆ ಚೆಕ್ಕೂ ಬರುತ್ತಿತ್ತು. ಚೆಕ್ಕಿನ ಮೊತ್ತ ಚಿಕ್ಕದಿರಬಹುದು, ಆದರೆ "ಆಕಾಶವಾಣಿ ಕಲಾವಿದರು" ಅಂತ ಪಾಂಪ್ಲೆಟ್‌ನಲ್ಲಿ ಹಾಕಿಸಿಕೊಂಡು ಎಷ್ಟೋ ಜನ ಜೀವನ ಮಾಡಿದ್ದಾರೆ.

ಈಗ ತದ್ವಿರುದ್ಧ. ಡಿಜೆ ಹುಡುಗರು ಯಾರದೋ ಹಾಡು ತಂದು, ಕೆಳಗೆ ಧಡಧಡ ಬೀಟ್ ಸೇರಿಸಿ, ಅರ್ಧ ನಿಮಿಷಕ್ಕೊಮ್ಮೆ ತಮ್ಮ ಹೆಸರು ಕೂಗಿಸುತ್ತಾರೆ. ಟ್ರ್ಯಾಕ್ಟರ್ ಮೇಲೆ ಡಬ್ಬ ಕಟ್ಟಿಕೊಂಡು ಹೋಗುವಾಗ ಕೇಳುವುದು ಆ ಹೆಸರೇ. ಹೆಸರಿನ ಬೆಲೆ ಅವರಿಗೆ ಚೆನ್ನಾಗಿ ಗೊತ್ತು ನೋಡಿ.

ಇಷ್ಟೆಲ್ಲ ಹೇಳಿ ಹಾಡುಗಾರರದು ಏನೂ ತಪ್ಪಿಲ್ಲ ಅಂದರೆ ಮೋಸ ಆಗುತ್ತದೆ. ಹೋದ ಜಾತ್ರೆ ಸೀಸನ್‌ನಲ್ಲಿ ಚಿಂಚೋಳಿ ಕಡೆಯ ಹುಡುಗರ ಗುಂಪೊಂದು ಬಂತು. ತಮ್ಮ ಹಳೇ ಹಾಡನ್ನು ಯಾರೋ ಕದ್ದರು ಅಂತ ಅರ್ಧ ಗಂಟೆ ಬೈದರು. ಚಹಾ ಆಯಿತು. ಆಮೇಲೆ ಹೊಸ ಹಾಡಿಗೆ ಟ್ರ್ಯಾಕ್ ಕೊಡಿ ಅಂದರೆ ಮೊಬೈಲಿನಿಂದ ಒಂದು ಹಿಟ್ ಸಿನಿಮಾ ಹಾಡಿನ ಕರೋಕೆ ತೆಗೆದರು. "ಧಾಟಿ ಅದರದೇ ಅಣ್ಣಾ, ಶಬ್ದ ಎಲ್ಲ ನಮ್ದು. ಜನ ಲಗೂನ ಹಿಡೀತಾರ." ನಾನು ಬೇಡ ಅಂದೆ. ಅವರು ಬೇರೆ ಕಡೆ ಮಾಡಿಸಿದರು. ಯೂಟ್ಯೂಬ್‌ಗೆ ಏರಿಸಿದ ಕೂಡಲೇ ಧಾಟಿಯ ಮಾಲೀಕರ ಕ್ಲೇಮ್ ಬಂತು, ಜಾಹೀರಾತಿನ ದುಡ್ಡೆಲ್ಲ ಆ ಕಡೆ. "ದೇವರ ಹಾಡಿಗೂ ಕೇಸೇನ್ರಿ?" ಅಂತ ನನಗೇ ಫೋನ್ ಮಾಡಿದರು.

ಈ ಪ್ರಶ್ನೆ ಬಹಳ ಜನ ಕೇಳುತ್ತಾರೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳ್ತೀನಿ. ಧಾರ್ಮಿಕ ಕಾರ್ಯದಲ್ಲಿ ಹಾಡುವುದಕ್ಕೆ, ನುಡಿಸುವುದಕ್ಕೆ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲೇ ವಿನಾಯಿತಿ ಇದೆ. ಮದುವೆ ಮೆರವಣಿಗೆಗೂ ಇದೆ. ಗುಡಿಯಲ್ಲಿ ಕೂತು ಸಿನಿಮಾ ಧಾಟಿಯಲ್ಲಿ ಭಜನೆ ಮಾಡಿದರೆ ಯಾರೂ ಕೇಳುವ ಹಾಗಿಲ್ಲ. ಅದನ್ನೇ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿ, ಚಾನಲ್‌ಗೆ ಹಾಕಿ, ಜಾಹೀರಾತಿನ ದುಡ್ಡು ತಗೊಂಡರೆ ಅದು ವ್ಯಾಪಾರ. ದೇವರ ಹೆಸರು ಇದೆ ಅಂತ ಧಾಟಿ ಕಟ್ಟಿದವನ ಹಕ್ಕು ಹೋಗುವುದಿಲ್ಲ. ಕವರ್ ಸಾಂಗ್ ಅನ್ನಬಹುದಲ್ಲ ಅಂತ ಇನ್ನು ಕೆಲವರು ವಾದ ಮಾಡುತ್ತಾರೆ. ಅದಕ್ಕೆ 31ಸಿ ಅಂತ ಬೇರೆ ಸೆಕ್ಷನ್ ಇದೆ. ಮೊದಲ ರೆಕಾರ್ಡಿಂಗ್ ಆಗಿ ಐದು ವರ್ಷ ಕಳೆದಿರಬೇಕು, ಮೊದಲೇ ನೋಟಿಸ್ ಕೊಡಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ ಕಟ್ಟಬೇಕು. ಮುಖ್ಯವಾಗಿ, ಮೂಲದ ಶಬ್ದ (ಅಂದರೆ ಸಾಹಿತ್ಯ), ಧಾಟಿ ಮನಸ್ಸಿಗೆ ಬಂದ ಹಾಗೆ ಬದಲಾಯಿಸುವಂತಿಲ್ಲ. "ಶಬ್ದ ನಮ್ದು" ಅಂದ ಮೇಲೆ ಆ ದಾರಿ ಅಲ್ಲೇ ಮುಚ್ಚಿತು.

ನಮ್ಮದು ಕದ್ದರೆ ಪೈರಸಿ, ನಾವು ತಂದರೆ ಭಕ್ತಿ ಅನ್ನುವುದು ಯಾವ ನ್ಯಾಯ? ಸ್ಟುಡಿಯೋದವರ ಕಥೆಯೂ ಅಷ್ಟೇ. ಪೈರಸಿ ವಿರುದ್ಧ ಜೋರಾಗಿ ಮಾತಾಡುವ ಎಷ್ಟೋ ಕಡೆ ಕಂಪ್ಯೂಟರಿನಲ್ಲಿ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಓಡುತ್ತಿರುತ್ತದೆ. ರೆಕಾರ್ಡಿಂಗ್ ಸಾಫ್ಟ್‌ವೇರ್‌ಗಳಲ್ಲಿ ಅಡಾಸಿಟಿ ಪುಕ್ಕಟೆ ಸಿಗುತ್ತದೆ, ರೀಪರ್‌ನ ಸಣ್ಣ ವ್ಯಾಪಾರದವರ ಲೈಸೆನ್ಸ್ 60 ಡಾಲರ್. ನಮ್ಮ ಮಟ್ಟದ ಕೆಲಸಕ್ಕೆ ಧಾರಾಳ ಸಾಕು. ಬಡತನದ ನೆಪ ಅಲ್ಲಿ ನಡೆಯುವುದಿಲ್ಲ.

ಬಡತನದ ಮಾತು ಬಂದದ್ದಕ್ಕೆ ಇನ್ನೊಂದು. ಮುಂಬೈ, ಬೆಂಗಳೂರು ಕಡೆ ಗುಳೆ ಹೋದವರು ಊರಿನ ಮೊಹರಂ ಪದವನ್ನು ವಾಟ್ಸಾಪ್‌ನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಂಡು ಶೆಡ್ಡಿನಲ್ಲಿ ಕೂತು ಕೇಳುತ್ತಾರೆ. ಇವರನ್ನು ಕಳ್ಳರು ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ. ಕಾನೂನು ಏನಾದರೂ ಹೇಳಲಿ. ಅವರು ಯಾರ ಹೆಸರನ್ನೂ ಅಳಿಸಿಲ್ಲ, ಯಾರ ಹಾಡಿನಿಂದಲೂ ಕಾಸು ಮಾಡಿಲ್ಲ. ಊರಿಗೆ ಬಂದಾಗ ಹಬ್ಬದ ಪಟ್ಟಿಗೆ ದುಡ್ಡು ಕೊಡುವವರೂ ಇವರೇ, ಆ ಪಟ್ಟಿಯ ದುಡ್ಡಿನಿಂದಲೇ ಮೇಳ ಕರೆಸುವುದು. ಎಲ್ಲ ಕಾಪಿಯನ್ನೂ ಒಂದೇ ತಕ್ಕಡಿಯಲ್ಲಿ ಇಡುವವರ ಜತೆ ನನ್ನ ಜಗಳ ಇಷ್ಟೇ.

ಹಾಗಾದರೆ ಕೆಲಸದಲ್ಲಿ ಏನು ಬದಲಾಯಿತು ಅಂದರೆ, ಮೈಕ್ ಹಚ್ಚುವ ಮುಂಚೆ ಹಾಡಿನಲ್ಲಿ ಯಾರ ಕೆಲಸ ಏನು ಅಂತ ಒಂದು ಕಾಗದ ಬರೆಯುವುದು ನಮ್ಮ ಸ್ಟುಡಿಯೋದಲ್ಲಿ ರೂಢಿಯಾಗಿದೆ. ಒಂದು ಹಾಡು ಅಂದರೆ ಕಾನೂನಿನ ಕಣ್ಣಲ್ಲಿ ಒಂದು ಆಸ್ತಿ ಅಲ್ಲ. ಶಬ್ದ ಬರೆದವರದು ಬೇರೆ ಹಕ್ಕು, ಧಾಟಿ ಕಟ್ಟಿದವರದು ಬೇರೆ, ಹಾಡಿದವರು ಮತ್ತು ಬಾರಿಸಿದವರದು ಬೇರೆ, ರೆಕಾರ್ಡಿಂಗ್‌ನದು ಬೇರೆ. ರೆಕಾರ್ಡಿಂಗ್ ಮಾಲೀಕರು ಯಾರು? ಅದನ್ನು ಮಾಡಿಸುವ ಜವಾಬ್ದಾರಿ ಹೊತ್ತವರು. ಸ್ಟುಡಿಯೋದವನಾದ ನಾನಲ್ಲ. ಬಾಡಿಗೆ ಕೊಟ್ಟ ಮೇಲೆ ನನ್ನ ಕಥೆ ಮುಗಿಯಿತು. ಇದನ್ನು ಕೇಳಿ ಬಹಳ ಜನ ಬೆರಗಾಗುತ್ತಾರೆ, ಕೆಲವು ಸ್ಟುಡಿಯೋದವರು ನನ್ನ ಮೇಲೆ ಸಿಟ್ಟೂ ಆಗಿದ್ದಾರೆ.

ಈ ಬೇರೆ ಬೇರೆ ಹಕ್ಕಿನ ಲೆಕ್ಕ ಹಳೇ ಪದಗಳಲ್ಲಿ ಜಾಸ್ತಿ ಗೊಂದಲ ಮಾಡುತ್ತದೆ. ಬರೆದವರು ತೀರಿಕೊಂಡು 60 ವರ್ಷ ದಾಟಿದರೆ ಶಬ್ದದ ಮೇಲಿನ ಕಾಪಿರೈಟ್ ಮುಗಿಯುತ್ತದೆ. ಮಡಿವಾಳಪ್ಪನವರ ಪದ, ಶರೀಫರ ಪದ ಎಲ್ಲರದೂ. ಆದರೆ ಆ ಪದವನ್ನು ಮುತ್ಯಾ ಹಾಡಿ ಹೊರತಂದ ರೆಕಾರ್ಡಿಂಗ್‌ಗೆ 60 ವರ್ಷದ ರಕ್ಷಣೆ ಇದೆ. ಅಂದರೆ ಪದ ನೀವೂ ಹಾಡಬಹುದು, ಅವರ ದನಿ ಎತ್ತಿಕೊಂಡು ಹೋಗುವಂತಿಲ್ಲ. ಉಲ್ಟಾನೂ ಆಗುತ್ತದೆ. ಯಾವುದೋ ದೊಡ್ಡ ಚಾನಲ್ ಅದೇ ಪದವನ್ನು ಮೊದಲೇ ಏರಿಸಿರುತ್ತದೆ. ನಮ್ಮವರು ತಾವೇ ಹಾಡಿ ಹಾಕಿದಾಗ ಯೂಟ್ಯೂಬ್‌ನ ಯಂತ್ರ ಎರಡನ್ನೂ ತಾಳೆ ನೋಡಿ ಕ್ಲೇಮ್ ಹಾಕಿಬಿಡುತ್ತದೆ. ಹೆದರಬೇಕಿಲ್ಲ. ತಕರಾರು ಸಲ್ಲಿಸಿದರೆ ಆ ಕಡೆಯವರು 30 ದಿನದಲ್ಲಿ ಉತ್ತರ ಕೊಡಬೇಕು. ಕ್ಲೇಮ್ ಬಂದ ಐದು ದಿನದೊಳಗೆ ತಕರಾರು ಹಾಕಿದರೆ ಮೊದಲ ದಿನದಿಂದಲೇ ಜಾಹೀರಾತಿನ ದುಡ್ಡು ಯಾರಿಗೂ ಹೋಗದೆ ಪಕ್ಕದಲ್ಲಿ ಉಳಿಯುತ್ತದೆ. ನಮ್ಮವರು ಇಂಗ್ಲಿಷಿನ ಆ ಮೇಲ್ ನೋಡಿ ಗಾಬರಿಯಾಗಿ ವಿಡಿಯೋನೇ ಅಳಿಸಿಬಿಡುತ್ತಾರೆ.

ತಕರಾರಿನಲ್ಲಿ ಗೆಲ್ಲಿಸುವುದು ಮೂಲ ಫೈಲ್. ರೆಕಾರ್ಡ್ ಮಾಡುವಾಗ ದನಿ ಒಂದು ಟ್ರ್ಯಾಕ್, ತಬಲಾ ಒಂದು, ಹಾರ್ಮೋನಿಯಂ ಒಂದು ಅಂತ ಬೇರೆ ಬೇರೆ ಇರುತ್ತವೆ. ಹಾಡಿನ ನಡುವೆ ಕೆಮ್ಮಿದ್ದು, "ಇನ್ನೊಮ್ಮಿ ತಗೋರಿ" ಅಂದದ್ದು ಎಲ್ಲಾ ಅಲ್ಲಿರುತ್ತದೆ. ಕದ್ದವನ ಹತ್ತಿರ ಮಿಕ್ಸ್ ಆದ ಒಂದೇ ಫೈಲ್. ತಬಲಾ ಬಿಡಿಸಿ ಕೊಡು ಅಂದರೆ ಎಲ್ಲಿಂದ ತರುತ್ತಾನೆ? ಅದಕ್ಕೇ ನಾನು ಕೆಲಸ ಮುಗಿದ ಮೇಲೆ ಎಂಪಿ3 ಒಂದನ್ನೇ ಕೊಟ್ಟು ಕಳಿಸುವುದಿಲ್ಲ. ಇಡೀ ಫೋಲ್ಡರನ್ನು ಹಾರ್ಡ್ ಡಿಸ್ಕಿನಲ್ಲಿ ಹಾಕಿ ಕೊಡುತ್ತೇನೆ, ನನ್ನ ಹತ್ತಿರವೂ ಒಂದು ಪ್ರತಿ ಇಟ್ಟಿರುತ್ತೇನೆ. ಮುತ್ಯಾನ ಹಾಡನ್ನು ಆ ಚಾನಲ್‌ನಿಂದ ತೆಗೆಸಿದ್ದು ಇದನ್ನು ಮುಂದಿಟ್ಟೇ. ಭಜನೆಯ ಕರೆ ಮಾತ್ರ ವಾಪಸ್ ಬರಲಿಲ್ಲ.

ಇನ್ನು ಸಹಿ. ಚಾನಲ್‌ನವರು ಒಂದು ಮುದ್ರಿಸಿದ ಹಾಳೆ ತರುತ್ತಾರೆ, ಎಲ್ಲಾ ಹಕ್ಕು ಬರೆದುಕೊಟ್ಟಿದ್ದೇನೆ ಅಂತ. ಕೈಗೆ 2,000 ರೂಪಾಯಿ ಇಡುತ್ತಾರೆ, ಸಹಿ ಹಾಕಿಸಿಕೊಳ್ಳುತ್ತಾರೆ. ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ಬರೆದುಕೊಡುವುದು ಲಿಖಿತವಾಗಿಯೇ ಆಗಬೇಕು, ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತಲೇ ಲೆಕ್ಕ. 2012ರ ತಿದ್ದುಪಡಿ ಆದ ಮೇಲೆ ಶಬ್ದ ಬರೆದವರ ಮತ್ತು ಧಾಟಿ ಕಟ್ಟಿದವರ ರಾಯಲ್ಟಿ ಪಾಲನ್ನು ಯಾವ ಕಂಪನಿಯೂ ಬರೆಸಿಕೊಳ್ಳುವಂತಿಲ್ಲ. ಅದು ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಮಾತ್ರ ಹೋಗಬಹುದು. 1969ರಿಂದ ಇರುವ ಐಪಿಆರ್‌ಎಸ್ ಎಂಬ ಸೊಸೈಟಿ ಇರುವುದೇ ಆ ಪಾಲು ವಸೂಲಿ ಮಾಡಿ ಹಂಚಲು. ನಮ್ಮ ಕಡೆ ಪದ ಕಟ್ಟುವವರು ಇಷ್ಟೊಂದು ಜನ ಇದ್ದಾರೆ, ಅದರ ಹೆಸರು ಕೇಳಿದವರು ನನಗೆ ಸಿಕ್ಕಿರುವುದು ಬಹಳ ಕಡಿಮೆ. ಇನ್ನೊಂದು ಮಾತು, ಹಕ್ಕು ಮಾರಿದ ಮೇಲೂ ಬರೆದವರಿಗೆ, ಹಾಡಿದವರಿಗೆ ತಮ್ಮ ಹೆಸರು ಹಾಕಿ ಅಂತ ಕೇಳುವ ಹಕ್ಕು ಉಳಿಯುತ್ತದೆ. ಅದು ಬೇರೆಯದೇ ಹಕ್ಕು, 57 ಮತ್ತು 38ಬಿ ಸೆಕ್ಷನ್‌ನಲ್ಲಿದೆ. ದುಡ್ಡಿನ ಪಾಲು ಬಿಟ್ಟುಕೊಟ್ಟೆ ಅಂದ ಮಾತ್ರಕ್ಕೆ ಹೆಸರು ಬಿಟ್ಟುಕೊಟ್ಟ ಹಾಗಲ್ಲ.

ಹೆಸರನ್ನು ಹಾಡಿನ ಒಳಗೇ ಇಡುವ ಹಳೇ ಉಪಾಯವನ್ನೂ ಸ್ವಲ್ಪ ಬದಲಾಯಿಸಿ ನೋಡಿದ್ದೇವೆ. ಹೊಸ ಪದ ಬರೆದು ತರುವ ಹುಡುಗರಿಗೆ, ಹೆಸರು, ಊರು ಕೊನೆಯ ನುಡಿಯಲ್ಲಿ ಬೇಡ, ಮೊದಲ ನುಡಿಯಲ್ಲೇ ಬರಲಿ ಅಂತ ಹೇಳುತ್ತೇನೆ. ಕೆಲವರು ಒಪ್ಪಿದರು. ತತ್ವಪದದ ಹಿರಿಯರು ಮಾತ್ರ ಇದನ್ನು ಒಪ್ಪಲೇ ಇಲ್ಲ, ಅಂಕಿತ ಅದರ ಜಾಗದಲ್ಲೇ ಇರಬೇಕು ಅಂದರು. ಅವರಿಗಾಗಿ ವಿಡಿಯೋದಲ್ಲಿ ಶುರುವಿನಿಂದ ಕೊನೆಯತನಕ ಮೂಲೆಯಲ್ಲಿ ಹೆಸರು ಓಡಿಸುತ್ತೇವೆ.

ಬಗೆಹರಿಯದೆ ಉಳಿದಿರುವುದು ಬಾರಿಸುವವರ ಪಾಲು. ಕಾಗದದಲ್ಲಿ ತಬಲಾ, ದಮ್ಮಡಿಯವರ ಹೆಸರೇನೋ ಈಗ ಬರುತ್ತಿದೆ, ವಿಡಿಯೋ ಕೆಳಗೂ ಬರುತ್ತಿದೆ. ಚಾನಲ್‌ನಿಂದ ದುಡ್ಡು ಬಂದರೆ ಅವರಿಗೆಷ್ಟು ಅನ್ನುವುದರ ಮೇಲೆ ಒಮ್ಮತ ಆಗಿಲ್ಲ. ಹಾಡುವವರು ಅವತ್ತಿನ ಕೂಲಿ ಕೊಟ್ಟೆವಲ್ಲ ಅನ್ನುತ್ತಾರೆ. ಬಾರಿಸುವವರು ಹತ್ತರಲ್ಲಿ ಒಂದಾದರೂ ಬೇಕು ಅನ್ನುತ್ತಾರೆ, ನಾನೂ ಅವರ ಕಡೆಗೇ ಇದ್ದೇನೆ. ಜಾತ್ರೆ ಸೀಸನ್ ಮುಗಿದ ಮೇಲೆ ಎಲ್ಲರೂ ಸ್ಟುಡಿಯೋದಲ್ಲೇ ಕೂತು ಮಾತಾಡೋಣ ಅಂತ ಆಗಿದೆ. ಚಹಾ ಖರ್ಚು ಯಾರದು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ.